ಬೆಳಿಗ್ಗೆ ಬರುವವನು

ಮಧ್ಯಾಹ್ನದ ಊಟ ಮುಗಿಸಿ ವಯಸ್ಸಾದ ಅಂಕಲ್ ಒಬ್ಬರು ದಿನವೂ ನನ್ನ ವಿಡಿಯೋ ಗೇಮ್ ಅಂಗಡಿಗೆ ಬರುತ್ತಿದ್ದರು. ಹೊಸ ಆಟಗಳತ್ತ ತಿರುಗಿಯೂ ನೋಡದೆ, ಮೂಲೆಯಲ್ಲಿದ್ದ ಹಳೇ ಕಾರ್ ರೇಸ್ ಮಷಿನ್ ಮುಂದೆ ಕೂರುತ್ತಿದ್ದರು. ಒಂದು ದಿನ ಕೇಳಿದರು.

"ಸ್ಕೋರ್ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಜೆ.ಎ.ಕೆ. ಅಂತಿದೆಯಲ್ಲ, ಅದು ಯಾರಮ್ಮ?"

ಆ ಅಕ್ಷರಗಳನ್ನು ಮಷಿನ್ ತಯಾರಿಸಿದ ಕಂಪನಿಯವರೇ ತುಂಬಿ ಕಳಿಸಿದ್ದರು. ಸ್ವಿಚ್ ಆರಿಸಿದರೆ ಮಷಿನ್ ಆಡಿದವರನ್ನೆಲ್ಲ ಮರೆತು, ಮರುದಿನ ಮತ್ತೆ ಅದನ್ನೇ ತೋರಿಸುತ್ತಿತ್ತು. ಇಡೀ ದಿನದಲ್ಲಿ ಅವರು ಮಾತಾಡುವುದು ನನ್ನೊಬ್ಬಳ ಹತ್ತಿರ ಎಂದು ಗೊತ್ತಿದ್ದರಿಂದ ನಿಜ ಹೇಳಲು ಮನಸ್ಸು ಬರಲಿಲ್ಲ.

"ಜೇಕಬ್ ಅಂತ, ಅಂಕಲ್. ಬೆಳಿಗ್ಗೆ ಹೊತ್ತು ಬರ್ತಾರೆ."

ಆಮೇಲೆ ಎರಡು ವರ್ಷ ಅವರು ಜೇಕಬ್ ಜೊತೆಗೇ ಆಡಿದರು. ಗೆದ್ದ ದಿನ ತಮ್ಮ ಇನಿಷಿಯಲ್ ಹಾಕಿ, "ನಾಳೆ ನೋಡಿ ಉರ್ಕೊಳ್ತಾನೆ" ಎನ್ನುತ್ತಿದ್ದರು. ಮರುದಿನ ಜೆ.ಎ.ಕೆ. ಮತ್ತೆ ಮೇಲಿರುತ್ತಿತ್ತು. "ನಿಮ್ಮನ್ನ ಕೇಳಿದ್ರು ಅಂಕಲ್" ಎಂದು ನಾನೂ ಸೇರಿಸುತ್ತಿದ್ದೆ.

ಮೊನ್ನೆ ಮಷಿನ್ ಕೆಟ್ಟಿತು.

"ಇದನ್ನ ರಿಪೇರಿ ಮಾಡೋರು ಈಗ ಯಾರೂ ಇಲ್ಲ ಅಂಕಲ್. ಗುಜರಿಗೆ ಹಾಕ್ಬೇಕು."

ಅವರು ಮನೆಗೆ ಹೋಗಿ, ಸವೆದುಹೋದ ಟೂಲ್ ಪೆಟ್ಟಿಗೆಯೊಂದನ್ನು ತಂದರು. ಮಷಿನ್ನಿನ ಹಿಂಬದಿ ಬಿಚ್ಚಿ, ತಡಕಾಡದೆ ಸರಿಯಾದ ವೈರಿಗೇ ಕೈ ಹಾಕಿದರು.

"ಎಲ್ಲಿ ಕಲಿತ್ರಿ ಅಂಕಲ್?"

"ಇಪ್ಪತ್ತಾರು ವರ್ಷ ಇದೇ ಕೆಲಸ ಕಣಮ್ಮ. ಈ ಮಾಡೆಲ್ಲೇ ನೂರಾರು ರಿಪೇರಿ ಮಾಡಿದೀನಿ. ಎಲ್ಲಾದ್ರಲ್ಲೂ ಮೇಲೆ ಇದೇ ಜೆ.ಎ.ಕೆ."

ನಾನು ತಲೆ ತಗ್ಗಿಸಿದೆ. ಅವರು ಸ್ವಿಚ್ ಹಾಕಿ, ಸೀಟಿನಲ್ಲಿ ಕೂತು ಸ್ಟೀರಿಂಗ್ ಹಿಡಿದರು.

"ಇವತ್ತು ಬೆಳಿಗ್ಗೆ ಜೇಕಬ್ ಬಂದಿದ್ನಾ?"