ಬಾಯಿ ಬಂದ ಒಲೆ

ನೆರವು ಸಂಸ್ಥೆಗಳು ಹಂಚಿದ ಸಾಮಾನಿಗೆಲ್ಲ ಬಾಯಿ ಬಂದು ವರ್ಷವಾಗಿತ್ತು. ಮಾನ್ವಿ ಕಡೆ ಹೊಗೆಯಿಲ್ಲದ ಒಲೆ ಹಂಚಿ, 'ಎಲ್ಲ ಧಗಧಗ ಉರಿಯುತ್ತಿವೆ' ಎಂದು ಜಿನೀವಾದ ಕಚೇರಿಗೆ ತಿಳಿಸಿದ್ದ ಸಂಗಮ್ಮನ ಎದೆಬಡಿತ, ಮೇಲಧಿಕಾರಿ ಪದ್ಮರಾಜಯ್ಯ ಒಲೆಗಳನ್ನು ನೋಡಲು ಬಂದ ದಿನ ಮೂರು ಊರಿಗೆ ಕೇಳಿಸಿತು. ನೌಕರಿ ಇವತ್ತಿಗೆ ಮುಗಿಯಿತು ಅಂದುಕೊಂಡಳು.

"ನನ್ನ ಒಂದಿನಾನೂ ಹಚ್ಚಿಲ್ರೀ ಸಾಹೇಬ್ರ," ಎಂದಿತು ಮೊದಲ ಮನೆಯ ಒಲೆ. "ಈ ಊರ ಹೆಣ್ಮಕ್ಕಳ ರೊಟ್ಟಿ ಹಂಚು ಬಂಡಿಗಾಲಿಯಷ್ಟು ಅಗಲ. ನಾ ಬಟ್ಟಲಷ್ಟು. ಅದು ನನ್ನ ಮ್ಯಾಲೆ ಕೂಡ್ರೋದು ಹೆಂಗ?"

"ತಪ್ಪಾತ್ರೀ," ಅಂದಳು ಸಂಗಮ್ಮ. "ಸೋತದ್ದು ಹೇಳಿದ್ರ ಕೆಲಸ ಹೋಗ್ತದಂತ ಹೆದರಿದೆ."

ಸಾಹೇಬರು ನಕ್ಕು ಒಲೆಯೆದುರು ಚಕ್ಕಳಮಕ್ಕಳ ಹಾಕಿ ಕೂತರು. "ನಲವತ್ತು ದೇಶದ ಒಲೆ ನನ್ನ ಬೈದಾವವ್ವ, ನನ್ನ ಕೆಲಸ ಹೋಗಿಲ್ಲ. ಹೆಣ್ಮಕ್ಕಳನ್ನ ಕರಿ, ಹಂಚಿನ ಅಳತಿ ಹಿಡಿಯೋಣ. ಮುಂದಿನ ಒಲೆ ನೀನೇ ಮಾಡಸ್ತಿ."

ಸಂಗಮ್ಮ ಬಿಟ್ಟ ನಿಟ್ಟುಸಿರಿಗೆ ಊರಿನ ಮನೆಗಳ ಮೇಲಿನ ತಗಡುಗಳೆಲ್ಲ ಹಾರಿದವು. ಅವನ್ನು ಹುಡುಕಿ ತರಲು ಜನ ಎರಡು ತಾಲ್ಲೂಕು ಅಲೆದರು.