ಕೈಬಿಟ್ಟ ಷರಾ

"ಆಮೆಗಳಿಗೆ ಅಂತ ಬೇಲಿ ಹಾಕಿಸಿದ್ದೀವಲ್ಲಮ್ಮ, ಇನ್ನೇನಾಗ್ಬೇಕು?" ಎಂದ ಯೋಜನಾಧಿಕಾರಿ, ಮೇಜಿನ ಮೇಲೆ ಹರಡಿದ್ದ ನಕ್ಷೆಯ ಹಸಿರು ಚೌಕವೊಂದನ್ನು ಪೆನ್ನಿನಿಂದ ಕುಟ್ಟುತ್ತ.

ಮೀಟರಮ್ಮ ಕನ್ನಡಕ ಏರಿಸಿ ಬಗ್ಗಿ ನೋಡಿದಳು. ಮೂವತ್ತು ವರ್ಷ ಮನೆಮನೆಯ ಕರೆಂಟ್ ಮೀಟರ್ ಓದಿ ನಿವೃತ್ತಳಾದವಳು. ಕೆಲಸ ಬಿಟ್ಟರೂ ಹೆಸರು ಬಿಟ್ಟಿರಲಿಲ್ಲ. ಊರಿನ ಸಂದಿಗೊಂದಿಯೆಲ್ಲ ಅವಳಿಗೆ ಕಣ್ಣು ಕಟ್ಟಿ ಬಿಟ್ಟರೂ ಗೊತ್ತು. ಹಸಿರು ಚೌಕ ಇದ್ದದ್ದು ಬಸ್ ಡಿಪೋ ಹಿಂದಿನ ಕಾಂಕ್ರೀಟ್ ನೆಲದ ಮೇಲೆ. ಆಮೆಗಳ ಹೊಂಡ ಅಲ್ಲಿಂದ ಒಂದು ಕಿಲೋಮೀಟರ್ ಆಚೆ, ಪಾಳುಬಿದ್ದ ಇಟ್ಟಿಗೆ ಭಟ್ಟಿಯ ಹಿಂದಿತ್ತು. ನಕ್ಷೆಯಲ್ಲಿ ಅದಕ್ಕೆ ಕಂದು ಬಣ್ಣ ಬಳಿದು 'ಗೋದಾಮು' ಎಂದು ಬರೆದಿದ್ದರು. ಸೋಮವಾರದಿಂದ ಮಣ್ಣು ತುಂಬುವ ಲಾರಿಗಳು ಬರುವುದಿತ್ತು.

"ಡಿಪೋದಲ್ಲಿ ಆಮೆಗಳೇನು ಬಸ್ಸಿಗೆ ಕಾಯ್ತಾ ಕೂತಿರ್ತಾವಾ?"

"ನನ್ನನ್ನ ಕೇಳಿದ್ರೆ? ಜೀವಿಗಳ ದಾಖಲೆ ಕಳಿಸ್ತಾ ಬಂದವರು ನೀವೇ. ಅದನ್ನ ನೋಡಿಕೊಂಡೇ ನಕ್ಷೆ ಮಾಡಿದ್ದೀವಿ." ಅವನು ಹಾಳೆಯೊಂದನ್ನು ಅವಳತ್ತ ತಳ್ಳಿದ.

ಅವಳದೇ ಪಟ್ಟಿ. ಹನ್ನೊಂದು ವರ್ಷ ತಿಂಗಳಿಗೆರಡು ಸಲ ಹೊಂಡದ ದಡದಲ್ಲಿ ಕೂತು ಬರೆದದ್ದು: ದಿನಾಂಕ, ದೊಡ್ಡವು ಎಷ್ಟು, ಮರಿ ಎಷ್ಟು, ಜಾಗ ಯಾವುದು. ಅಲ್ಲಿಗೆ ಹಾಳೆ ಮುಗಿದಿತ್ತು.

"ಷರಾ ಎಲ್ಲಿ?"

"ಯಾವ ಷರಾ?"

"ಕೊನೇ ಕಾಲಂ ಸಾರ್. ಒಂದೊಂದು ಸಾಲಿಗೂ ಬರೆದಿದ್ದೆ. 'ಕಳ್ಳರ ಕಾಟಕ್ಕೆ ಜಾಗ ಬೇಕಂತಲೇ ಒಂದು ಕಿಲೋಮೀಟರ್ ಸರಿಸಿ ತೋರಿಸಿದೆ. ನಿಜವಾದ ಜಾಗಕ್ಕೆ ನನಗೆ ಫೋನ್ ಮಾಡಿ' ಅಂತ. ನಂಬರೂ ಹಾಕಿದ್ದೆ."

ಅಧಿಕಾರಿ ಕಿವಿ ಕೆರೆದುಕೊಂಡ. "ಓ, ಅದಾ? ಪ್ರಿಂಟ್ ತೆಗೆಯುವಾಗ ಹಾಳೆ ಸಾಲ್ತಿರಲಿಲ್ಲ. ಕೈಬಿಟ್ವಿ."

ಮೀಟರಮ್ಮನ ಮೈಯೆಲ್ಲ ಹೊತ್ತಿಕೊಂಡಿತು. ಮೊದಲ ವರ್ಷ ಅವಳು ನಿಜವಾದ ಜಾಗವನ್ನೇ ಬರೆದಿದ್ದಳು. ಯಾರು ಬೇಕಾದರೂ ನೋಡಬಹುದಾದ ಪಟ್ಟಿ ಅದು. ವಾರದೊಳಗೆ ಯಾರೋ ಗೋಣಿಚೀಲ ಹಿಡಿದು ಬಂದು ಅರ್ಧ ಹೊಂಡ ಬರಿದು ಮಾಡಿಹೋದರು. ಆ ಸಂಕಟಕ್ಕೇ ಈ ಉಪಾಯ ಹುಡುಕಿ, ಹಳೆಯ ಸಾಲುಗಳನ್ನೂ ತಿದ್ದಿದ್ದು. ಬೀಗ ಹಾಕಿದ ಮನೆಗೆ 'ಬಾಗಿಲು ಹಾಕಿದೆ' ಎಂದು ಷರಾ ಬರೆಯದೆ ಮುಂದೆ ಹೋದರೆ ಮೇಲಿನವರು ಸಿಗಿದು ತೋರಣ ಕಟ್ಟುತ್ತಿದ್ದ ಇಲಾಖೆಯಲ್ಲಿ ದುಡಿದವಳು ಅವಳು. ಷರಾ ಓದದ ಕಚೇರಿಯೂ ಇರುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

"ಹನ್ನೊಂದು ವರ್ಷ ಕೆಸರಲ್ಲಿ ಮಂಡಿ ಊರಿ ಎಣಿಸಿದ್ದೀನಿ ರೀ! ಒಂದು ಫೋನ್ ಮಾಡಿದ್ರೆ ನಿಮ್ಮ ಬೆರಳು ಸವೆದುಹೋಗ್ತಿತ್ತಾ?"

"ಕೂಗಾಡಬೇಡಿ ಅಮ್ಮ. ಆಕ್ಷೇಪಣೆಗೆ ಇವತ್ತೇ ಕಡೇ ದಿನ. ಸರಿಯಾದ ಜಾಗ ಬರೆದುಕೊಡಿ, ಲಾರಿ ನಿಲ್ಲಿಸ್ತೀನಿ. ಆದ್ರೆ ಅದನ್ನ ಏಳು ದಿನ ಹೊರಗಡೆ ನೋಟಿಸ್ ಬೋರ್ಡಿಗೆ ಹಾಕಬೇಕು."

"ಜಾಗ ಬೋರ್ಡಿಗಾ? ಗೋಣಿಚೀಲದವರಿಗೆ ನೀವೇ ದಾರಿ ತೋರಿಸ್ತೀರಾ?"

"ನಾನೇನ್ ಮಾಡ್ಲಿ? ನಿಯಮ."

ಷರಾ ಮರೆತವನಿಗೆ ನಿಯಮ ಮಾತ್ರ ಚಾಚೂ ತಪ್ಪದೆ ನೆನಪಿತ್ತು. ಬರೆಯದಿದ್ದರೆ ಸೋಮವಾರ ಲಾರಿ, ಬರೆದರೆ ನಾಳೆಯೇ ಗೋಣಿಚೀಲ. ಮೀಟರಮ್ಮ ಹಲ್ಲು ಕಚ್ಚಿ ಪೆನ್ನು ತೆಗೆದುಕೊಂಡಳು. ಇಟ್ಟಿಗೆ ಭಟ್ಟಿಯ ಹಿಂದೆ, ಮೂಡಣ ದಡ, ದೊಡ್ಡವು ನಲವತ್ತಮೂರು. ಒತ್ತಿ ಬರೆದ ರಭಸಕ್ಕೆ ಹಾಳೆ ಎರಡು ಕಡೆ ತೂತಾಯಿತು. ಕೊನೆಯಲ್ಲಿ ಒಂದು ಗೆರೆ ಎಳೆದು, ಷರಾ ಎಂದು ಬರೆದು, ತನ್ನ ನಂಬರು ಹಾಕಿದಳು. ಅಧಿಕಾರಿಯ ಸಹಿ ಹಾಕಿಸಿಕೊಂಡ ಮೇಲೆಯೇ ಹಾಳೆಯನ್ನು ಕೈಯಿಂದ ಬಿಟ್ಟದ್ದು.

ಹೊರಗೆ ವರಾಂಡದಲ್ಲಿ ಜವಾನ ಅದನ್ನು ಬೋರ್ಡಿಗೆ ಚುಚ್ಚಲು ಹೊರಟಾಗ ಅವಳೂ ಹಿಂದೆಯೇ ಹೋದಳು. "ಇನ್ನೂ ಸ್ವಲ್ಪ ಕೆಳಗೆ ಹಾಕಣ್ಣ. ಇನ್ನೂ ಕೆಳಗೆ." ಆತ ಪಿನ್ನು ಒತ್ತಿ ಇನ್ನೂ ಕೈ ತೆಗೆದಿರಲಿಲ್ಲ, ಬೇರೇನೋ ಕೆಲಸಕ್ಕೆ ಬಂದಿದ್ದವನೊಬ್ಬ ಫೋಟೋ ತೆಗೆಯಲು ಫೋನು ಹಿಡಿದು ಹತ್ತಿರ ಸರಿದ. ಮೀಟರಮ್ಮ ಸರಸರನೆ ಒಳಗೆ ಹೋಗಿ ಅಧಿಕಾರಿಯ ಎದುರಿನ ಕುರ್ಚಿಯನ್ನು ದರದರ ಎಳೆದು ತಂದಳು. ಬೋರ್ಡಿಗೆ ಆನಿಸಿ ಹಾಕಿ, ಹಾಳೆಗೆ ಬೆನ್ನು ಒತ್ತಿ ಕೂತೇಬಿಟ್ಟಳು.

ಅಧಿಕಾರಿ ಹೊರಗೆ ಓಡಿಬಂದ. "ಇದೇನಮ್ಮ ಇದು? ಏಳು ದಿನ ಹೀಗೇ ಕೂತಿರ್ತೀರಾ? ಜನ ಹೇಗೆ ಓದಬೇಕು?"

"ಹಾಕಬೇಕು ಅಂದ್ರಿ, ಹಾಕಿದ್ದಾಯ್ತು," ಎಂದಳು ಮೀಟರಮ್ಮ, ಅಲ್ಲಾಡದೆ. "ಓದಲೇಬೇಕು ಅನ್ನೋರು ನನಗೊಂದು ಫೋನ್ ಮಾಡ್ಲಿ. ನಂಬರ್ ಷರಾದಲ್ಲಿದೆ."