ಮಾಸ್ತರರು ಓಣಿ ದಾಟುವತನಕ

ಅಪ್ಪಾಸಾಬ ಮಾಸ್ತರರು ತೀರಿಕೊಂಡ ಸುದ್ದಿ ಮುಟ್ಟಿ ಎರಡು ತಾಸಾದರೂ ಬನಹಟ್ಟಿಯ ಆ ಓಣಿಯಲ್ಲಿ ಒಂದು ಮಗ್ಗವೂ ನಿಲ್ಲಲಿಲ್ಲ. ಯಾರಾದರೂ ಸತ್ತರೆ ಹೆಣ ಓಣಿ ದಾಟುವತನಕ ಮಗ್ಗ ನಿಲ್ಲಿಸುವುದು ಅಲ್ಲಿಯ ನೇಕಾರರ ಪದ್ಧತಿ. ಆದರೆ ನಿಲ್ಲಿಸಿರಿ ಎಂದು ಹೇಳಬೇಕಾದವನು ಓಣಿಯ ಹಿರಿಯ ಬಸಗೊಂಡಪ್ಪ. ಅದಕ್ಕೇ ಮಾಸ್ತರರ ಅಕ್ಕ ಯಲ್ಲಕ್ಕ ತಮ್ಮನ ಹೆಣದ ಮುಂದಿನಿಂದ ಎದ್ದು ಬಂದು ಅವನ ಹೊಸ್ತಿಲ ಹೊರಗೆ ನಿಂತಿದ್ದಳು.

“ಹನ್ನೊಂದು ವರ್ಸ ಇದ ಓಣ್ಯಾಗ ಇದ್ದನ್ರೀ ನನ್ನ ತಮ್ಮ. ದಾಟೂತನಕ ಅಷ್ಟ ನಿಂದರಸ್ರಿ. ಈ ಸಪ್ಪಳದಾಗ ನಾ ಅಳೂದು ನನಗ ಕೇಳಸವಲ್ದು.”

ಬಸಗೊಂಡಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವನು ತಲೆ ಸಹ ಎತ್ತಲಿಲ್ಲ. “ನಮ್ಮ ಮಂದಿ ಹೋದ್ರ ನಿಂದರಸ್ತೇವಿ, ಯಲ್ಲಕ್ಕ. ನಿಮ್ಮವ್ರು ಕುರಿ ಕಾಯೂ ಮಂದಿ. ಇವತ್ತ ಮಾಸ್ತರಗ ನಿಂದರಿಸಿದ್ರ ನಾಳೆ ಕಂಡಕಂಡವರೆಲ್ಲಾ ಬರ್ತಾರ. ಛಲೋ ಮನಶ್ಯಾ ಇದ್ದ, ಯಾರ ಇಲ್ಲಂತಾರ?” ಎಂದು ಲಾಳಿ ಓಡಿಸಿದ.

ಒಳಗೆ ಗೋಡೆಯ ಪಕ್ಕ ರಾಟಿ ತಿರುಗಿಸುತ್ತ, ಲಾಳಿಗೆ ಹಾಕುವ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದ ಸೊಸೆ ಗುರುಬಾಯಿಯ ಮೈಯೆಲ್ಲ ಉರಿದುಹೋಯಿತು. ಛಲೋ ಮನುಷ್ಯನಂತೆ! ನೂಲಿಗೆ ಕಂಟ್ರೋಲು ಬಂದು, ಪರ್ಮಿಟ್ ಇಲ್ಲದೆ ಎಳೆಯೂ ಸಿಗದೆ, ಓಣಿಯ ಮಗ್ಗಗಳೆಲ್ಲ ಜೇಡರ ಬಲೆ ಕಟ್ಟಿ ಬಿದ್ದಿದ್ದ ವರ್ಷ, ಮುಂಬಯಿ ಸರಕಾರಕ್ಕೆ ಇಂಗ್ಲಿಷಿನಲ್ಲಿ ಅರ್ಜಿಯ ಮೇಲೆ ಅರ್ಜಿ ಬರೆದವರು ಯಾರು? ನೂಲಿನ ಪರ್ಮಿಟ್ ಬಂದ ದಿನ ಇದೇ ಮಾವ ಮಾಸ್ತರರ ಕಾಲು ಹಿಡಿಯಲು ಹೋಗಿದ್ದನ್ನು ಇದೇ ಓಣಿಯಲ್ಲಿ ಹುಟ್ಟಿ ಬೆಳೆದ ಅವಳು ಕಣ್ಣಾರೆ ಕಂಡಿದ್ದಳು. ಅವತ್ತು ಅವರ ಕುಲ ಯಾರಿಗೂ ನೆನಪಾಗಿರಲಿಲ್ಲ.

ಅವಳನ್ನು ಹೈಸ್ಕೂಲಿಗೆ ಹಚ್ಚಿದವರೂ ಅವರೇ. “ಸಾಲಿಗೆ ಹೋದ್ರ ಕಂಡಿಕಿ ಯಾರ ಸುತ್ತಬೇಕ್ರಿ?” ಎಂದ ಅಪ್ಪನಿಗೆ, “ರಾಟಿ ತಿರಗೂದು ಕೈಲೆ, ಪಾಠ ಒಪ್ಪಸೂದು ಬಾಯಿಲೆ. ಎರಡಕ್ಕೂ ಏನ ಜಗಳ?” ಎಂದಿದ್ದರು. ಹೇಳಿ ಸುಮ್ಮನಾಗದೆ ದಿನಾ ಸಂಜೆ ಕಟ್ಟೆಯ ಮೇಲೆ ಬಂದು ಕೂತು, ರಾಟಿಯ ಸದ್ದಿನಲ್ಲೇ ಅವಳ ಪಾಠ ಕೇಳುತ್ತಿದ್ದರು. ಮೊದಲ ದಿನ ಕ್ಲಾಸಿನಲ್ಲಿ ಅವರು ಹೇಳಿದ ಮಾತಂತೂ ಇನ್ನೂ ಕಿವಿಯಲ್ಲಿತ್ತು: “‘ಯೆಸ್’ ಅನ್ನೂದನ್ನ ನಿಮ್ಮ ಮನ್ಯಾಗ ಕಲಿಸೇ ಕಳಿಸ್ಯಾರ. ನಾ ಮೊದಲ ‘ನೋ’ ಕಲಸ್ತೇನಿ.” ಇಡೀ ಕ್ಲಾಸು ‘ನೋ’ ಎಂದು ಕೂಗಿದ ಹೊಡೆತಕ್ಕೆ ಹೆಡ್ ಮಾಸ್ತರರು ಓಡಿ ಬಂದಿದ್ದರು. ಅಷ್ಟು ಜೋರಾಗಿ ಕಲಿತ ಮಾತನ್ನು ಗುರುಬಾಯಿ ಒಮ್ಮೆಯೂ ಬಳಸಲಿಲ್ಲ. ಸಾಲಿ ಬಿಡಿಸಿದಾಗ ಹೂಂ ಅಂದಳು, ಮದುವೆಗೂ ಹೂಂ ಅಂದಳು. ಮಾಸ್ತರರು ಬಂದು ಅಕ್ಷತೆ ಹಾಕಿ, ಉಣ್ಣದೆ ಹೋಗಿದ್ದರು. ಅದು ನೆನಪಾಗಿ ಅವಳಿಗೆ ಮಾವನಿಗಿಂತ ತನ್ನ ಮೇಲೆಯೇ ಹೆಚ್ಚು ಸಿಟ್ಟು ಬಂತು.

“ಗುರುಬಾಯಿ, ಕಂಡಿಕಿ!”

ರಾಟಿ ನಿಂತಿತು. ಗುರುಬಾಯಿ ಸುತ್ತಿಟ್ಟ ಕಂಡಿಕೆಗಳ ಬುಟ್ಟಿ ಎತ್ತಿಕೊಂಡು ಮಗ್ಗದ ಕಡೆ ಹೋಗದೆ ನೇರ ಬಾಗಿಲಿಗೆ ಬಂದು, ಯಲ್ಲಕ್ಕನ ಕಾಲ ಬಳಿ ಹೊಸ್ತಿಲ ಮೇಲೆ ಕೂತಳು. ಬುಟ್ಟಿ ಮಡಿಲಲ್ಲಿತ್ತು.

“ಕಂಡಿಕಿ ತಾ ಅಂದ್ನೆಲ್ಲ? ಕಿವಿ ಕೇಳಸೂದಿಲ್ಲೇನ?”

ಮದುವೆಯಾಗಿ ಆರು ವರ್ಷ, ಮಾವನಿಗೆ ಅವಳು ಎದುರು ಮಾತಾಡಿದವಳಲ್ಲ. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

“ಕೊಡೂದಿಲ್ರೀ ಮಾವಾರ. ಮಾಸ್ತರ್ರು ಓಣಿ ದಾಟೂತನಕ ಒಂದ ಕಂಡಿಕಿನೂ ಕೊಡೂದಿಲ್ಲ.”

ಎದುರು ಮನೆಯ ಕಟ್ಟೆಯ ಮೇಲೆ ಭಾಗವ್ವ ರಾಟಿ ಹಿಡಿದು ಕೂತಿದ್ದಳು. ಅವಳ ಇಬ್ಬರು ಮಕ್ಕಳು ಮಾಸ್ತರರ ಕೈಯಲ್ಲಿ ಕಲಿತು ಮ್ಯಾಟ್ರಿಕ್ ದಾಟಿದವರು. ಅವಳು ಗುರುಬಾಯಿಯನ್ನು ನೋಡಿದಳು, ಬುಟ್ಟಿಯನ್ನು ನೋಡಿದಳು. ತನ್ನ ಬುಟ್ಟಿ ಎತ್ತಿಕೊಂಡು ತನ್ನ ಹೊಸ್ತಿಲ ಮೇಲೆ ಕೂತಳು. ಅವಳನ್ನು ನೋಡಿ ಪಕ್ಕದ ಮನೆಯವಳು, ಅವಳನ್ನು ನೋಡಿ ಅದರಾಚೆಯವಳು. ಮಗ್ಗ ನಿಲ್ಲಿಸುವ ಅಧಿಕಾರ ಹಿರಿಯನದೇ ಇರಲಿ, ಕಂಡಿಕೆ ಸುತ್ತುವ ಕೈ ಹೆಂಗಸರದು. ಲಾಳಿಯಲ್ಲಿದ್ದ ನೂಲು ತೀರಿದಂತೆಲ್ಲ ಒಂದೊಂದೇ ಮಗ್ಗ ಸುಮ್ಮನಾಯಿತು. ಗುರುಬಾಯಿಯ ಗಂಡ ಶಿದ್ರಾಮಪ್ಪನೂ ತನ್ನ ಕುಣಿಯಿಂದ ಎದ್ದು, ಅಪ್ಪನ ಮುಖ ನೋಡದೆ, ಹೆಣಕ್ಕೆ ಹೆಗಲು ಕೊಡಲು ನಡೆದ.

ಕಂಬಳಿ ಹೊದಿಸಿದ ಮಾಸ್ತರರು ಓಣಿಗೆ ಬಂದರು. ಯಲ್ಲಕ್ಕ ಬಾಯಿ ತೆರೆದು ಅತ್ತಳು. ಅವಳ ಅಳು ಓಣಿಯ ಆ ತುದಿಯತನಕ ಕೇಳಿಸಿತು.

ಸದ್ದು ಮಾಡುತ್ತಿದ್ದದ್ದು ಒಂದೇ ಮಗ್ಗ, ಬಸಗೊಂಡಪ್ಪನದು. ಕಂಡಿಕೆ ಎಲ್ಲಿಂದ ಬಂತು ಎಂದು ಗುರುಬಾಯಿ ತಿರುಗಿ ನೋಡಿದಳು. ಖಾಲಿ ಲಾಳಿ ಅತ್ತಿಂದಿತ್ತ ಓಡುತ್ತಿತ್ತು. ಮಾವ ಮಗ್ಗ ತುಳಿದು ತುಳಿದು ಬೆವರುತ್ತಿದ್ದ, ಅದರ ಮೇಲಿನ ಸೀರೆ ಒಂದೆಳೆಯೂ ಬೆಳೆದಿರಲಿಲ್ಲ.